ಹೊತ್ತು ಮುಳುಗುವ ಮುಂಚೆ ವಾರಿಜಕ್ಕನ ಹಣ

ತೇಲುಮಲ್ಪೆ, ಫೆಬ್ರವರಿ ೩೦, ೨೨೩೧

ಇನ್ನೂರು ವರ್ಷ ಹಿಂದಿರುವ ಹಿರಿಯರೇ,

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಕೊನೆಗೆ ನ್ಯಾಯ ಸಿಕ್ಕಿದೆ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಕ್ಷಮಿಸಿ. ಜಂಬ ನುಸುಳಿದರೆ ಮಾತ್ರ ನಾನು ಕ್ಷಮೆ ಕೇಳುವವಳಲ್ಲ. ನಾನು ಶಾರ್ವರಿ ಮೆಂಡನ್, ಇಲ್ಲಿಯ ಕಡಲಂಚು ಸಹಕಾರಿ ಬ್ಯಾಂಕಿನ ಮ್ಯಾನೇಜರು.

ಕಡಲು ಏರಿದ ಮೇಲೆ ನಮ್ಮ ಊರು ನೀರಿನ ಮೇಲೆಯೇ ತೇಲುತ್ತದೆ. ಬೆಳಿಗ್ಗೆ ಮೀನಿನ ಏಲಂ, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಸಂಜೆ ಅಂಗಡಿಗಳನ್ನು ಹಗ್ಗ ಹಾಕಿ ಬಿಗಿಯುವ ಗಡಿಬಿಡಿ. ಅಲೆಯ ಹೊಡೆತಕ್ಕೆ ಸುದ್ದಿ ಸಾಗಿಸುವ ಕಡಲಡಿಯ ತಂತಿ ಆಗಾಗ ಹರಿಯುತ್ತದೆ, ಆಗ ನಮಗೆ ಕಾಗದದ ಚೆಕ್ಕೇ ಗತಿ. ನಗಬೇಡಿ. ಚೆಕ್ಕಿನ ಹಿಂದೆ ನಿಜವಾಗಿ ಹಣ ಇದೆ ಎಂದು ಚೆಕ್ಕು ಕೊಟ್ಟವರ ಬ್ಯಾಂಕು ಕಳಿಸುವ ಸುದ್ದಿಗೆ ನಾವು ಒಪ್ಪುಕರೆ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅದಕ್ಕಾಗಿ ಜನ ದಿನಗಟ್ಟಲೆ ಬ್ಯಾಂಕಿಗೆ ಅಲೆಯುತ್ತಿದ್ದರಂತೆ. ನಮ್ಮ ಕಾನೂನಿನಲ್ಲಿ ಆ ಆಟ ನಡೆಯುವುದಿಲ್ಲ. ಖಾತೆಗೆ ಕಟ್ಟಿದ ಚೆಕ್ಕಿನ ಹಣ, ಒಪ್ಪುಕರೆ ಬಾರದಿದ್ದರೂ, ಅದೇ ದಿನ ಹೊತ್ತು ಮುಳುಗುವ ಮುಂಚೆ ಗ್ರಾಹಕರ ಕೈಗೆ ಸಿಗಲೇಬೇಕು. ಮೋಸದ ಅನುಮಾನವಿದ್ದರೆ ಕಾರಣ ಬರೆದು ಕೊಡಬೇಕು. ಸುಮ್ಮನೆ ‘ಮೇಲಿನಿಂದ ಬರಬೇಕು’ ಎಂದು ರಾಗ ಎಳೆಯುವಂತಿಲ್ಲ.

ಅಲ್ಲಿಯವರೆಗೆ ಗ್ರಾಹಕರು ಕಾಯಬೇಕಾದರೆ ಮ್ಯಾನೇಜರೂ ಕಾಯಬೇಕು. ಕುರ್ಚಿ ಬಿಟ್ಟು ಬಂದು ಅವರ ಪಕ್ಕದ ಬೆಂಚಿನಲ್ಲಿ ಕೂರಬೇಕು. ಇದಕ್ಕೆ ಜೊತೆಗೂರು ಎಂದು ಹೆಸರು. ಕೂತಿದ್ದಷ್ಟು ಹೊತ್ತು ಯಾವ ಕಾಗದಕ್ಕೂ ಸಹಿ ಹಾಕುವಂತಿಲ್ಲ, ಹಾಗಾಗಿ ತಡವಾದರೆ ಬ್ಯಾಂಕಿಗೇ ಬಿಸಿ ಮುಟ್ಟುತ್ತದೆ.

ಇವತ್ತು ನಾನು ಕೂತದ್ದು ವಾರಿಜಕ್ಕನ ಪಕ್ಕ. ಪ್ರಾಯವಿಡೀ ಬೇರೆಯವರ ದೋಣಿಗೆ ಬಲೆ ಹೆಣೆದವರು. ಸ್ವಂತ ದೋಣಿಗಾಗಿ ಕಾರವಾರದಲ್ಲಿದ್ದ ತಾಯಿಯ ಮನೆ ಮಾರಿ ಚೆಕ್ಕು ತಂದಿದ್ದರು. ಕತ್ತಲಾಗುವುದರೊಳಗೆ ದೋಣಿ ಮಾರುವವರಿಗೆ ಹಣ ಕಟ್ಟದಿದ್ದರೆ ದೋಣಿ ಮಂಜುಗಡ್ಡೆ ಸಾಹುಕಾರರ ಪಾಲು. ಅವರು ಬಾಗಿಲಲ್ಲೇ ಮೀಸೆ ತಿರುವುತ್ತ ನಿಂತಿದ್ದರು. ತಂತಿ ಹರಿದಿತ್ತು, ಒಪ್ಪುಕರೆಯ ಸುಳಿವಿಲ್ಲ.

“ನೀವೆಂತ ಮಾರಾಯ್ರೆ, ನನ್ನೊಟ್ಟಿಗೆ ಕೂತ್ರೆ ಹಣ ಬರ್ತದಾ?” ಎಂದರು ವಾರಿಜಕ್ಕ.

“ಬರ್ತದೆ ಅಕ್ಕ. ಇಲ್ಲದಿದ್ರೆ ನನಗೆ ಏಳ್ಲಿಕ್ಕೇ ಇಲ್ಲ” ಎಂದೆ.

ಅವರು ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ನನಗೂ ಹೆದರಿಕೆಯಿತ್ತು, ಅದನ್ನು ಮುಚ್ಚಿಡುವುದೇಕೆ? ಚೆಕ್ಕು ಸುಳ್ಳಾದರೆ ನಷ್ಟ ನಮ್ಮದು. ಸಹಿ ಸಿಗದ ವ್ಯಾಪಾರಿಗಳು ಗೊಣಗತೊಡಗಿದರು. ನಮ್ಮ ಕ್ಯಾಷಿಯರ್ ಕಣ್ಸನ್ನೆಯಲ್ಲೇ ‘ನಾಳೆಗೆ ಬರಲಿಕ್ಕೆ ಹೇಳಿ’ ಎಂದ. ಅನುಮಾನಕ್ಕೆ ಕಾರಣ ಇದ್ದರೆ ಬರೆದು ಕೊಡು ಎಂದೆ, ಪೆನ್ನು ಹಿಡಿದವನಿಗೆ ಬರೆಯಲು ಒಂದು ಸಾಲೂ ಹೊಳೆಯಲಿಲ್ಲ. ಹೊತ್ತು ಕಡಲಿಗೆ ತಾಗುವಾಗ ನಾನು ಎದ್ದು ಪೂರ್ತಿ ಹಣವನ್ನು ವಾರಿಜಕ್ಕನ ಕೈಗೆ ಕೊಟ್ಟೆ. ಅವರು ಥ್ಯಾಂಕ್ಸ್ ಕೂಡ ಹೇಳದೆ ಓಡಿದರು. ಅಬ್ಬಾ, ಆ ಓಟ ನೋಡಬೇಕಿತ್ತು ನೀವು! ನನ್ನ ಬ್ಯಾಂಕಿನ ಬಗ್ಗೆ ನನಗೆ ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಇದನ್ನು ಬರೆಯುವಾಗಲೂ ಒಪ್ಪುಕರೆ ಬಂದಿಲ್ಲ. ಬಾರದೆ ಹೋದರೂ ಹೋಗಲಿ, ಅದನ್ನು ಹೊರಬೇಕಾದದ್ದು ಬ್ಯಾಂಕು.

ನಿಮಗೆ ಬರೆದದ್ದಕ್ಕೆ ಕಾರಣವಿದೆ. ಈ ಕಾನೂನು ಯಾವ ಮಂತ್ರಿಯೂ ದಯಪಾಲಿಸಿದ್ದಲ್ಲ. ನಿಮ್ಮ ಕಾಲದ ಯಾರೋ ಒಬ್ಬರು, ‘ಸೋಮವಾರ ಬನ್ನಿ’ ಎಂದಾಗ ಬ್ಯಾಂಕಿನ ಬೆಂಚು ಬಿಟ್ಟು ಏಳಲಿಲ್ಲವಂತೆ. ನಾಚಿಕೆಯಾಗಿ ಮ್ಯಾನೇಜರೇ ಬಂದು ಪಕ್ಕದಲ್ಲಿ ಕೂತರಂತೆ, ಅದೇ ಮುಂದೆ ಕಾನೂನಾಯಿತಂತೆ. ಹಾಗೆ ಏಳದೆ ಕೂತವರ ಹೆಸರು ನಮಗೆ ಗೊತ್ತಿಲ್ಲ. ನೀವೇ ಇರಬಹುದು. ನಿಮಗೂ ಯಾರಾದರೂ ಹಾಗೆ ಹೇಳಿದರೆ ದಯವಿಟ್ಟು ಏಳಬೇಡಿ. ನೀವು ಎದ್ದು ಮನೆಗೆ ಹೋದರೆ ಇಲ್ಲಿ ವಾರಿಜಕ್ಕನಿಗೆ ದೋಣಿ ಸಿಗುವುದಿಲ್ಲ.