ಮಗುವನ್ನು ನಡೆಸುವ ಕಲ್ಲು

ಪೀಠಶಕೆ ೨೧೨, ಫಾಲ್ಗುಣದ ಇಪ್ಪತ್ತೊಂದನೇ ದಿನ
ತುಂಗಭದ್ರೆಯ ಬಲದಂಡೆ

ನಡೆದಾಡುತ್ತಿದ್ದ ಹಿರಿಯರೇ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ಹಳೆಯ ದಾಖಲೆಗಳಿಂದ ಕಲಿತವಳು ನಾನು. ಸಿಟ್ಟು ಮಾತ್ರ ನನ್ನದೇ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ನಾವು ಪೀಠದಲ್ಲಿ ಬದುಕುತ್ತೇವೆ. ಪೀಠವೆಂದರೆ ನೆಲದಿಂದ ಒಂದು ಮೊಳ ಮೇಲೆ ತೇಲುವ ಆಸನ. ಉಣ್ಣುವುದು, ಜಗಳವಾಡುವುದು, ಮದುವೆಯಾಗುವುದು ಎಲ್ಲ ಅದರಲ್ಲೇ. ಸಪ್ತಪದಿಗೂ ಪೀಠಗಳೇ ಏಳು ಸಲ ಮುಂದೆ ಜರುಗುತ್ತವೆ. ಥೂ! ಕಾಲೂರಿದರೆ ಮಂಡಿಯೂ ಚಪ್ಪಲಿಯ ಹಾಗೆ ಸವೆಯುತ್ತದೆಂದು ನಮ್ಮ ಮುತ್ತಜ್ಜಂದಿರು ನಂಬಿದರು. ನಾವೂ ನಂಬಿ ಕೂತೆವು.

ನನ್ನ ಕೆಲಸ ಕೀಲುತೊಟ್ಟಿಯಲ್ಲಿ, ಅಂದರೆ ಮಂಡಿಯ ಮೂಳೆಗಳ ನಡುವೆ ಗಾದಿಯಂತಿರುವ ಮೃದ್ವಸ್ಥಿಯನ್ನು ಬೆಳೆಸುವ ಮನೆಯಲ್ಲಿ. ಆ ಗಾದಿಗೆ ರಕ್ತನಾಳವಿಲ್ಲ. ಒತ್ತಿದಾಗ ಹಿಂಡಿಕೊಂಡು, ಬಿಟ್ಟಾಗ ಹೀರಿಕೊಂಡು ಅದರ ಜೀವಕೋಶಗಳು ಉಣ್ಣುತ್ತವೆ. ಭಾರ ಬಿದ್ದೊಡನೆ ಕೋಶದ ಹೊದಿಕೆಯ ಪುಟ್ಟ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಯಾರೋ ನಡೆಯುತ್ತಿದ್ದಾರೆ ಎಂಬ ಸುದ್ದಿ ಅದು. ಸುದ್ದಿ ಬಂದರೆ ಕೋಶ ತನ್ನ ಸುತ್ತಲಿನ ಗಾದಿಯನ್ನು ನೇಯುತ್ತದೆ. ಮಿತಿಮೀರಿ ಜಜ್ಜಿದರೆ ಸಾಯುತ್ತದೆ. ಸುದ್ದಿಯೇ ಬಾರದಿದ್ದರೆ ಗಾದಿಯನ್ನು ತಾನೇ ಕರಗಿಸಿಬಿಡುತ್ತದೆ. ಅದಕ್ಕೇ ತೊಟ್ಟಿಯ ಯಂತ್ರ ದಿನಕ್ಕೆ ಮೂರು ಸಾವಿರ ಸಲ, ಹೆಜ್ಜೆ ಹಾಕಿದಂತೆ, ಮೆಲ್ಲಗೆ ಒತ್ತುತ್ತದೆ. ಹಾಗೆ ಬೆಳೆದ ಬಿಳಿ ತುಣುಕನ್ನು ಪೀಠದಿಂದಿಳಿಯದ ಮಂಡಿಗೆ ಹಾಕುತ್ತೇವೆ. ಎಂಟು ತಿಂಗಳಿಗೆ ಅದು ಹಳಸಿದ ಗಂಜಿಯಾಗುತ್ತದೆ. ಆ ಲೋಳೆಯನ್ನು ಕೆರೆದು ತೆಗೆಯುವವಳು ನಾನೇ. ಹೊಸದನ್ನು ಹಾಕಿಸಿಕೊಂಡು ಮತ್ತೆ ಕೂರುತ್ತಾರೆ. ಯಂತ್ರ ನಡೆಯಬೇಕಂತೆ, ಮನುಷ್ಯ ನಡೆಯಬಾರದಂತೆ! ಮಾನಗೆಟ್ಟ ಜನ. ನಾನೂ ಅವರಲ್ಲೊಬ್ಬಳು, ನನ್ನ ಮಂಡಿ ಮೂವತ್ತು ಸಲ ಬದಲಾಗಿದೆ, ಇವತ್ತಿಗೂ ಎದ್ದು ನಿಲ್ಲಲಾರೆ.

ಮೊಮ್ಮಗಳು ಸುರಗಿಗೆ ಹನ್ನೊಂದು ತಿಂಗಳು. ನಾಳೆ ಅವಳ ಪಟ್ಟಿಶಾಸ್ತ್ರ: ಮೊದಲ ಹೆಜ್ಜೆ ಇಡುವ ಮುನ್ನವೇ ಕೂಸನ್ನು ಪೀಠಕ್ಕೆ ಬಿಗಿದು, ನೆಂಟರಿಗೆ ಹೋಳಿಗೆ ಹಂಚುವ ಕಾರ್ಯ. ಇವತ್ತು ಬೆಳಿಗ್ಗೆ ನಾನು ಕೆಲಸಕ್ಕೆ ಕರೆದುಕೊಂಡು ಹೋಗಿದ್ದಾಗ ಸುರಗಿ ತೊಟ್ಟಿಯ ಅಂಚು ಹಿಡಿದು ಎದ್ದು ನಿಂತಳು. ಯಂತ್ರದ ತಾಳಕ್ಕೆ ಮಂಡಿ ಕುಣಿಸಿ ನಕ್ಕಳು. ಅಲ್ಲೇ ಕೆಲಸ ಮಾಡುವ ಅಳಿಯ ಕಿರುಚಿದ: "ಅಯ್ಯಯ್ಯ, ಎತ್ರಿ ಅತ್ತಿ! ಕೂಸಿನ ಮಣಕಾಲು ಸವದು ಹೋಗ್ತಾವ!" ಆ ಮಂಡಿಗಳೊಳಗೆ ಆಗಲೇ ಮೊದಲ ಸುದ್ದಿ ಮುಟ್ಟಿತ್ತು.

ಪಟ್ಟಿಯನ್ನು ನಾಳೆ ನಾನು ಕತ್ತರಿಸುತ್ತೇನೆ. ಆಮೇಲೆ ಏನು ಮಾಡಬೇಕೋ ಗೊತ್ತಿಲ್ಲ. ಬೆರಳು ಹಿಡಿಯಬೇಕೇ, ರಟ್ಟೆ ಹಿಡಿಯಬೇಕೇ? ಬಿದ್ದರೆ ಎತ್ತಬೇಕೇ, ಬಿಡಬೇಕೇ? ಕೇಳೋಣವೆಂದರೆ ನಡೆದವರು ಒಬ್ಬರೂ ಬದುಕಿಲ್ಲ. ಕೆರೆ ಕಟ್ಟಿಸಿದ್ದಕ್ಕೆ, ದಾನ ಕೊಟ್ಟಿದ್ದಕ್ಕೆ, ಹುಲಿ ಕೊಂದಿದ್ದಕ್ಕೆಲ್ಲ ನೀವು ಕಲ್ಲು ನೆಟ್ಟಿದ್ದೀರಿ. ಮಗುವನ್ನು ನಡೆಸುವುದು ಹೇಗೆಂದು ಒಂದು ಕಲ್ಲೂ ಇಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾಕೆ ಬರೆಯಬೇಕು ಅಂದುಕೊಂಡಿರಿ, ಅಲ್ಲವೇ?

ಈಗಲಾದರೂ ಕೆತ್ತಿ. ಬಲದಂಡೆಯ ದೊಡ್ಡ ಬಂಡೆಯ ಮೇಲೆ ನಾಲ್ಕೇ ಸಾಲು ಸಾಕು. ನಿಮ್ಮ ಕಾಲದಲ್ಲಿ ನೀವು ಕೆತ್ತಿದರೆ ನಮ್ಮ ಕಾಲದ ನಾಳೆಗೂ ಅದು ಅಲ್ಲಿ ಇರಲೇಬೇಕು. ನನ್ನ ಪೀಠ ಬಂಡೆಗಳ ನಡುವೆ ತೂರುವುದಿಲ್ಲ. ಸುರಗಿಯ ಹಿಂದೆ ನಾನೂ ಅಂಬೆಗಾಲಿಟ್ಟುಕೊಂಡು ಬಂದು ಹುಡುಕುತ್ತೇನೆ.

ಇಂತಿ,
ಕೀಲುತೊಟ್ಟಿಯ ಕೊಟ್ರವ್ವ