ಬಚ್ಚಲಿನ ಹೊಸ್ತಿಲು

ಮಂಗಳವಾರ, ೧೪

ಹೊಸ ಮನೆಯ ಬಚ್ಚಲಿಗೆ ಹೊಸ್ತಿಲು ಬೇಡ, ಅಮ್ಮನಿಗೆ ಕಾಲೆತ್ತಿ ಇಡಲಾಗುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿ ಹೇಳಿ ಸಾಕಾಗಿತ್ತು. "ಬಾಯಲ್ಲಿ ಹೇಳಿದ್ರೆ ಮರ್ತೋಗುತ್ತೆ, ಗೋಡೆ ಮೇಲೆ ಬರ್ದಿಡಿ ಅಕ್ಕಾ" ಅಂದಿದ್ದ. ಇದ್ದಿಲಲ್ಲಿ ದಪ್ಪಗೆ ಬರೆದು ಬಂದಿದ್ದೆ. ಇವತ್ತು ಹೋದರೆ ಗೇಣೆತ್ತರದ ಹೊಸ್ತಿಲು ಎದ್ದು ನಿಂತಿದೆ.

"ಬರ್ದಿದ್ದು ನೋಡ್ಲಿಲ್ವಾ?"

"ಪ್ಲಾಸ್ಟರಿಂಗ್ ಮಾಡಿದಾಗ ಅದು ಮುಚ್ಚೋಯ್ತಲ್ಲ ಅಕ್ಕಾ," ಎಂದ, ತಪ್ಪೆಲ್ಲ ಗೋಡೆಯದೇ ಎಂಬಂತೆ. ಜಗಳವಾಡಲೂ ತ್ರಾಣವಿರಲಿಲ್ಲ. ನಾಳೆ ಒಡೆಯುತ್ತಾನಂತೆ. ಅವನ ನಾಳೆ ಎಂಥದ್ದೆಂದು ನನಗೆ ಗೊತ್ತಿಲ್ಲವೇ.

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ಮಂಚದ ಅಂಚಿನಲ್ಲಿ ಕೂತು, ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು, ನೆಲದಿಂದ ಒಂದು ಗೇಣು ಮೇಲೆತ್ತಲು ನೋಡುತ್ತಿದ್ದಳು.