ನಾಲ್ಕನೆಯ ಚಂದ್ರ

೯-೧೦-೧೯೬೩, ಬುಧವಾರ. ಕೊಣನೂರು ಕ್ಯಾಂಪ್. ಸಂಜೆ ೭-೩೦

ಇವತ್ತೂ ಮೂರೇ. ಥಿಯೋಡೊಲೈಟನ್ನು ಗುರು ಗ್ರಹದ ಕಡೆ ತಿರುಗಿಸಿ ಕಾಲು ಗಂಟೆ ನೋಡಿದೆ. ಉದ್ದಿನಕಾಳಿನಷ್ಟು ಬಿಳಿ ಬಿಲ್ಲೆ. ಆ ಕಡೆ ಒಂದು ಚುಕ್ಕೆ, ಈ ಕಡೆ ಎರಡು. ದಾರ ಹಿಡಿದಂತೆ ಒಂದೇ ಸಾಲು. ನಾಲ್ಕನೆಯ ಚಂದ್ರ ಗುರುವಿನ ಬೆನ್ನ ಹಿಂದೆ ಹೋಗಿರಬೇಕು. ಮೈಸೂರಿನಲ್ಲಿ ಕೊಂಡ ಹಳೇ ಪುಸ್ತಕದಲ್ಲಿ ಹಾಗೇ ಇದೆ. ಹತ್ತಿರದ ಚಂದ್ರ ಐಯೋ, ನಲವತ್ತೆರಡೂವರೆ ಗಂಟೆಗೆ ಒಂದು ಸುತ್ತು. ಪ್ರತಿ ಸುತ್ತಿನಲ್ಲೂ ಮರೆಯಾಗುತ್ತದೆ. ಸರ್ವೆ ಮಾಡುವ ದುರ್ಬೀನಿನಲ್ಲಿ ಇಷ್ಟು ಕಾಣುವುದೇ ದೊಡ್ಡದು.

ಕಾಲುವೆ ಅಗೆತ ಮೇಲಿನ ಕಡೆಯಿಂದ ಶುರುವಾಗಿದೆ. ಕಾಲುವೆಯ ಕೊನೆಯ ಊರು ಕೊಪ್ಪಲಿನವರು ದಿನಾ ಬಂದು ಕೂತು ನೋಡುತ್ತಾರೆ. ನೀರು ಯಾವಾಗ ಅಂತ ಕೇಳುತ್ತಾರೆ.

೧೨-೧೦-೬೩, ಶನಿವಾರ

ಮೂರು. ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಹೋದ ವಾರದಿಂದ ಆರು ಚಿತ್ರ, ಆರರಲ್ಲೂ ಮೂರು. ದಿನಾ ಒಂದು ಅಡಗಿಕೊಳ್ಳುತ್ತದೆಯೇ? ಅಡಗಿಕೊಳ್ಳಬಹುದು. ಗುರು ಅಂದರೆ ಸಣ್ಣದೇ… ಸಾವಿರದ ಮುನ್ನೂರು ಭೂಮಿಗಳನ್ನು ಒಳಗೆ ತುಂಬಬಹುದಂತೆ. ಅಷ್ಟು ದೊಡ್ಡ ಬೆನ್ನು.

ಹಾಗಂತ ಬರೆದೆ. ಸಮಾಧಾನವಿಲ್ಲ.

೧೬-೧೦-೬೩, ಬುಧವಾರ. ರಾತ್ರಿ ೮

ಸ್ಟಾಫ್ ಹಿಡಿಯುವ ದ್ಯಾವಯ್ಯ ಹತ್ತಿರ ಬಂದು ನಿಂತ. ಸ್ಟಾಫ್ ಅಂದರೆ ಅಡಿ ಗುರುತಿರುವ ಎತ್ತರದ ಕೋಲು. ಅವನು ಅದನ್ನು ನೆಟ್ಟಗೆ ಹಿಡಿಯಬೇಕು, ನಾನು ದೂರದಿಂದ ಅಂಕಿ ಓದಬೇಕು. ಹನ್ನೊಂದು ವರ್ಷದಿಂದ ಇದೇ ನಮ್ಮಿಬ್ಬರ ಕೆಲಸ. ಈಚೆಗೆ ಅವನು ನನ್ನ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ಇವತ್ತು ಅವನೇ ಕೇಳಿದ, "ಏನ್ ಸಾ, ದಿನಾ ಅದ್ನೇ ನೋಡ್ತೀರಲ್ಲ?"

"ನೋಡು ಬಾ. ಗುರುವಿನ ಚಂದ್ರರು."

ಒಂದು ಕಣ್ಣು ಮುಚ್ಚಿ ಬಗ್ಗಿದ. ಆಮೇಲೆ ಮೆಲ್ಲಗೆ, "ಅಯ್ಯೋ ಸಿವನೇ… ಚುಕ್ಕಿಗೂ ಮಕ್ಳು ಅವೆ. ನಾಕು."

"ಮೂರು."

"ನಾಕು ಕಣ್ ಸಾ. ಒಂದು ಒಂಟಿಯಾಗಿ ದೂರ್ದಾಗೆ ನಿಂತದೆ. ವಸಿ ಮಂಕು."

ಮತ್ತೆ ನೋಡಿದೆ. ಮೂರು. ಎಡಗಣ್ಣಿಟ್ಟು ನೋಡಿದೆ.

ನಾಲ್ಕು. ದೂರದಲ್ಲಿ, ಮಂಕಾಗಿ. ಎಲ್ಲಕ್ಕಿಂತ ಹೊರಗಿನದು, ಕ್ಯಾಲಿಸ್ಟೊ. ಅದು ಯಾರ ಬೆನ್ನ ಹಿಂದೆಯೂ ಇರಲಿಲ್ಲ.

೧೭-೧೦-೬೩

ನಿದ್ದೆ ಇಲ್ಲ. ಇಪ್ಪತ್ತೆರಡು ವರ್ಷ ಸ್ಟಾಫಿನ ಅಂಕಿಯನ್ನು ಬಲಗಣ್ಣಿನಲ್ಲೇ ಓದಿದ್ದೇನೆ.

ಆಗಸ್ಟ್ ತಿಂಗಳ ಅಳತೆ ಬರೆದ ಲೆವೆಲ್ ಪುಸ್ತಕ ಪೆಟ್ಟಿಗೆಯಲ್ಲೇ ಇದೆ. ತೆಗೆಯಲು ಕೈ ಬರುತ್ತಿಲ್ಲ.

೨೭-೧೦-೬೩, ಭಾನುವಾರ. ಹೊಳೆನರಸೀಪುರ, ಮನೆ

ಹತ್ತು ದಿನ ಆಕಾಶ ನೋಡಲಿಲ್ಲ. ಮೋಡ ಅಂತ ಸುಳ್ಳು ಹೇಳಿಕೊಂಡೆ.

ಬರೆದುಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಆಗಸ್ಟಿನಲ್ಲಿ ಕಾಲುವೆಗೆ ಲೆವೆಲ್ ಓಡಿಸಿ, ಗೂಟದಿಂದ ಗೂಟಕ್ಕೆ ನೆಲದ ಎತ್ತರ ಅಳೆಯುತ್ತ ಕೊಪ್ಪಲು ಮುಟ್ಟಿದಾಗ ಅಲ್ಲಿನ ಎತ್ತರ ಕೆತ್ತಿದ ಗುರುತುಕಲ್ಲಿಗೂ ನನ್ನ ಲೆಕ್ಕಕ್ಕೂ ಅರ್ಧ ಅಡಿ ವ್ಯತ್ಯಾಸ. ತಪ್ಪು ನನ್ನದಿರಬಹುದೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ದ್ಯಾವಯ್ಯ ಸ್ಟಾಫ್ ವಾಲಿಸಿ ಹಿಡಿದ ಅಂದೆ. ಕೂಲಿಯವರೆಲ್ಲರ ಎದುರು ಬೈದೆ. ಕೋಲು ಕಿತ್ತುಕೊಂಡು ಎಂಟು ದಿನ ಮಣ್ಣು ಹೊರಲು ಹಾಕಿದೆ. "ನೆಟ್ಟಗೇ ಇಡ್ದಿದ್ದೆ ಸಾ" ಅಂತ ಒಂದೇ ಸಲ ಅಂದ. ಮತ್ತೆ ಅನ್ನಲಿಲ್ಲ. ಓವರ್‌ಸಿಯರ್ ಕೃಷ್ಣಪ್ಪನವರಿಗೆ ಅವಸರ. ಮತ್ತೆ ಅಳೆಯುವ ಬದಲು ನಾನೇ ಪುಸ್ತಕದ ಕೊನೆಯ ಅಂಕಿಯಲ್ಲಿ ಅರ್ಧ ಅಡಿಯನ್ನು ಹೊಂದಿಸಿ ಬರೆದು ಕೊಟ್ಟೆ.

ಇವತ್ತು ಹಿತ್ತಲಲ್ಲಿ ಹಲಗೆಗೆ ಅಂಕಿ ಬರೆದು ದೂರ ನಿಲ್ಲಿಸಿ ಲೆವೆಲ್ ದುರ್ಬೀನಿನಲ್ಲಿ ಓದಿದೆ. ಬಲಗಣ್ಣಿಗೆ ಮೂರು ಎಂಟಾಗಿ ಕಂಡಿತು. ನಾಲ್ಕು ಸಲ ಓದಿದರೆ ಮೂರು ಸಲ.

ಸಂಜೆ ನಾಲ್ಕೂಮುಕ್ಕಾಲಿಗೆ, ಕ್ಯಾಂಪಿನಿಂದ ತಂದಿದ್ದ ಪೆಟ್ಟಿಗೆ ತೆಗೆದೆ. ಹನ್ನೊಂದನೇ ಗೂಟ. ೪.೮೫. ಅದು ೪.೩೫ ಆಗಿದ್ದರೆ ಎಲ್ಲ ಸರಿಹೋಗುತ್ತದೆ. ಸರಿಯಾಗಿ ಅರ್ಧ ಅಡಿ.

ಅಂದರೆ ಹನ್ನೊಂದರಿಂದ ಮುಂದೆ ಕಾಲುವೆಯ ತಳ ಎತ್ತರ. ಕೊಪ್ಪಲಿಗೆ ನೀರು ಹತ್ತುವುದಿಲ್ಲ.

ಹೆಂಡತಿ ಶಿವಗಂಗ ಕಾಫಿ ತಂದಳು. ಮುಖ ನೋಡಿ ಕೂತಳು. ಹೇಳಿದೆ. ಬಹಳ ಹೊತ್ತು ಸೀರೆ ಸೆರಗಿನ ನೂಲು ಕೀಳುತ್ತಿದ್ದಳು.

"ಕೆಲ್ಸ ಓಯ್ತದಾ?"

"ಫೀಲ್ಡಿನ ಕೆಲಸ ಹೋಗುತ್ತೆ. ಪೂರಾನೇ ಹೋಗಬಹುದು."

"ಯೋಳ್ದೇ ಇದ್ರೆ?"

ಅವಳು ಉತ್ತರಕ್ಕೆ ಕಾಯಲಿಲ್ಲ. "ಯೋಳ್ಬುಡಿ" ಅಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

೪-೧೧-೬೩, ಸೋಮವಾರ

ಕೃಷ್ಣಪ್ಪನವರ ಟೇಬಲ್ ಮುಂದೆ ಹತ್ತು ನಿಮಿಷ ನಿಂತಿದ್ದೆ. "ಏನ್ರೀ ಬಸವಯ್ಯ?" ಅಂದರು. ರಜಾ ಚೀಟಿ ಕೇಳಿ ಬಂದೆ. ನಾಚಿಕೆ.

ಅಗೆತ ಒಂಬತ್ತನೇ ಗೂಟ ದಾಟಿದೆ.

೭-೧೧-೬೩, ಗುರುವಾರ

ಅಗೆತ ಹದಿಮೂರಕ್ಕೆ ಬಂದಿದೆ ಅಂತ ಕೇಳಿದೆ. ಕೃಷ್ಣಪ್ಪನವರ ಹತ್ತಿರ ಓಡಿದೆ ಅಂತಲೇ ಹೇಳಬೇಕು. ಉಸಿರು ಹಿಡಿಯುವ ಮೊದಲೇ ಹೇಳಿಬಿಟ್ಟೆ, ಕಣ್ಣು, ಹೊಂದಿಸಿ ಬರೆದದ್ದು, ದ್ಯಾವಯ್ಯ, ಎಲ್ಲ.

ಕೃಷ್ಣಪ್ಪನವರು ಕನ್ನಡಕ ತೆಗೆದಿಟ್ಟರು. "ಏನ್ರೀ ನೀವು! ಕಣ್ಣು ಕಾಣ್ಲಿಲ್ಲ, ಸರಿ. ಅದು ನಿಮ್ಮ ತಪ್ಪಲ್ಲ. ಪುಸ್ತಕ ತಿದ್ದಿದ್ದು?"

"ಅದು ನನ್ನ ತಪ್ಪು ಸಾರ್."

ಅಗೆತ ನಿಲ್ಲಿಸಿದರು. ಮಂಗಳವಾರ ಅವರೇ ಬಂದು ಓದುತ್ತಾರಂತೆ. ನಾನು ಬರೆದುಕೊಳ್ಳಬೇಕು. ಸ್ಟಾಫ್ ಯಾರು ಅಂದರು. ದ್ಯಾವಯ್ಯ ಅಂದೆ.

೧೨-೧೧-೬೩, ಮಂಗಳವಾರ. ಕೊಣನೂರು

ಕೃಷ್ಣಪ್ಪನವರು ಓದಿದರು, ನಾನು ಬರೆದೆ. ಹತ್ತನೇ ಗೂಟದವರೆಗೆ ಎಲ್ಲ ಸರಿ. ಹನ್ನೊಂದು. ದ್ಯಾವಯ್ಯ ಕೋಲು ನಿಲ್ಲಿಸಿ ಕಲ್ಲಿನ ಹಾಗೆ ನಿಂತ. ಕೃಷ್ಣಪ್ಪನವರು ಎರಡು ಸಲ ನೋಡಿದರು.

"ನಾಕು ಪಾಯಿಂಟ್ ಮೂರು ಐದು."

ಬರೆದುಕೊಂಡೆ. ಕೊಪ್ಪಲಿನ ಕಲ್ಲಿಗೆ ಲೆಕ್ಕ ಕೂಡಿಬಂತು. ಮೂರು ಗೂಟದಷ್ಟು ಕಾಲುವೆ ಇನ್ನೂ ಅರ್ಧ ಅಡಿ ಆಳ ತೆಗೆಯಬೇಕು. ಅಷ್ಟೇ. ಇನ್ನೊಂದು ವಾರ ತಡಮಾಡಿದ್ದರೆ ಕಲ್ಲು ಕಟ್ಟಡವೂ ಆಗಿಹೋಗುತ್ತಿತ್ತು.

ನನ್ನ ವಿಷಯ ಮೇಲಕ್ಕೆ ಬರೆಯುತ್ತಾರೆ. ಮೊದಲು ಮೈಸೂರಿಗೆ ಹೋಗಿ ಕಣ್ಣು ತೋರಿಸಿ ಅಂದರು. ಆಮೇಲೆ ಆಫೀಸಿನಲ್ಲಿ ಕೂತು ಬರೆಯುವ ಕೆಲಸ, ಕೊಟ್ಟರೆ.

ಸಂಜೆ ದ್ಯಾವಯ್ಯನ ಹತ್ತಿರ ಹೋದೆ. ಕಾಲುವೆ ಏರಿ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ನನ್ನನ್ನು ಕಂಡು ಎದ್ದ. ಕೂತ್ಕೋ ಅಂದೆ, ಕೂರಲಿಲ್ಲ. ತಪ್ಪು ನನ್ನದು ಅಂದೆ.

"ಗೊತ್ತು ಸಾ. ನಾ ಆವತ್ತೇ ಅಂದಿದ್ನಲ್ಲ."

"ಅಂದಿದ್ದೆ."

"ಬಯ್ದಿದ್ದು ಜನದ್ ಮುಂದೆ. ನನ್ ಎಡ್ತಿ ಅಲ್ಲೇ ಮಣ್ ಒರ್ತಿದ್ಲು." ಬೀಡಿ ಆರಿಹೋಗಿತ್ತು. "ಈಗ ಒಬ್ನೇ ಇರೋವಾಗ ಬಂದು ಯೋಳ್ತೀರಿ."

ಅವನು ಏರಿ ಇಳಿದು ಹೋದ.

೧೩-೧೧-೬೩, ಬುಧವಾರ. ಬೆಳಿಗ್ಗೆ ೯

ಹೇಳಿದೆ. ಹಾಜರಿ ಕೂಗುವ ಹೊತ್ತು. ಮೂವತ್ತು ಮೂವತ್ತೈದು ಜನ ಇದ್ದರು, ಅವನ ಹೆಂಡತಿ ಪಾರ್ವತಮ್ಮನೂ. ದ್ಯಾವಯ್ಯ ಕೋಲು ನೆಟ್ಟಗೇ ಹಿಡಿದಿದ್ದ, ತಪ್ಪು ಓದಿದವನು ನಾನು, ಅವನ ಮೇಲೆ ಹಾಕಿದವನೂ ನಾನು. ಮೂರು ಮಾತು. ಯಾರೋ ಹಿಂದಿನಿಂದ ನಕ್ಕ ಹಾಗಾಯಿತು.

ಪಾರ್ವತಮ್ಮ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಮಣ್ಣು ಹೊರುವ ಮಂಕರಿ ಎತ್ತಿಕೊಂಡಳು. ದ್ಯಾವಯ್ಯ ನೆಲ ನೋಡುತ್ತ ನಿಂತಿದ್ದ.

೨೫-೧೧-೬೩, ಸೋಮವಾರ. ಮೈಸೂರಿನ ಬಸ್ಸು

ಬಸ್ಸು ಇನ್ನೂ ಹೊರಟಿಲ್ಲ. ಎಡಗಣ್ಣಿನಲ್ಲಿ ಬರೆಯುತ್ತಿದ್ದೇನೆ. ನಾಳೆ ಡಾಕ್ಟರು ಏನನ್ನುತ್ತಾರೋ. ಪೊರೆ ಇದ್ದರೆ ತೆಗೆಯಬಹುದಂತೆ. ಬೇರೆ ಏನಾದರೂ ಇದ್ದರೆ…

ಪೆಟ್ಟಿಗೆ ಹೊತ್ತು ತಂದವನು ದ್ಯಾವಯ್ಯ. ನಾನು ಕರೆದಿರಲಿಲ್ಲ. ಪೆಟ್ಟಿಗೆ ಮೇಲೆ ಹಾಕಿ ಕಿಟಕಿಯ ಹತ್ತಿರ ಬಂದು ನಿಂತ. ಹೋಗಲಿಲ್ಲ.

"ಸಾ, ಆ ಗುರು ತಾವ ಜನ ಅವ್ರಾ?"

ಇಲ್ಲ ಅಂದೆ. ಅಲ್ಲಿ ಜನ ನಿಲ್ಲಲು ನೆಲವೇ ಇಲ್ಲ ಅಂದೆ. ಬರೀ ಗಾಳಿ, ಒಳಗೆ ಹೋದಷ್ಟೂ ಗಟ್ಟಿಯಾಗುವ ಗಾಳಿ. ಹತ್ತು ಗಂಟೆಗೆ ಒಂದು ಹಗಲು ಒಂದು ರಾತ್ರಿ ಎರಡೂ ಮುಗಿಯುತ್ತವೆ. ನಮ್ಮ ಭೂಮಿಗಿಂತ ದೊಡ್ಡದೊಂದು ಕೆಂಪು ಕಲೆ ಇದೆ, ನೂರು ವರ್ಷದ ಮೇಲಾಯಿತು ನೋಡುತ್ತಿದ್ದಾರೆ, ಏನು ಅಂತ ಯಾರಿಗೂ ಗೊತ್ತಿಲ್ಲ.

ತಲೆ ಕೆರೆದುಕೊಂಡ.

"ನೆಲಾನೇ ಇಲ್ದಿದ್ರೆ ಸ್ಟಾಫ್ ಎಲ್ಲಿ ಮಡಗೋದು ಸಾ?"

ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತೋ. ಅವನ ಮುಖದಲ್ಲೂ ಸ್ವಲ್ಪ ನಗು ಬಂತು, ಬಂದಷ್ಟೇ ಬೇಗ ಹೋಯಿತು. "ವಾಪಸ್ ಬಂದ್ಮೇಲೆ ಯೋಳಿ" ಅಂದ.

ಡ್ರೈವರ್ ಹತ್ತಿದ. ಬಸ್ಸು ಅಲುಗುತ್ತಿದೆ, ಅಕ್ಷರ ಸೊಟ್ಟ. ದ್ಯಾವಯ್ಯ ಇನ್ನೂ ಅಲ್ಲೇ ನಿಂತಿದ್ದಾನೆ, ಏನೋ ಕೂಗಿ ಹೇಳುತ್ತಿದ್ದಾನೆ, ಎಂಜಿನ್ ಸದ್ದಿನಲ್ಲಿ ಸರಿಯಾಗಿ ಕೇಳಿಸುತ್ತಿಲ್ಲ.